ಗುಟ್ಟನ್ನು ಎತ್ತಿದರು, ಇಂಧನವನ್ನು ಬಿಟ್ಟರು

1965ರ ಡಿಸೆಂಬರ್ 5. ಅಮೆರಿಕದ ವಿಮಾನವಾಹಕ ನೌಕೆ ಟಿಕಾಂಡೆರೋಗಾ ವಿಯೆಟ್ನಾಂ ತೀರದ ಸರದಿ ಮುಗಿಸಿಕೊಂಡು ಜಪಾನಿನ ಯೊಕೊಸುಕಾ ಬಂದರಿನತ್ತ ಹೊರಟಿತ್ತು. ಹಡಗಿನ ಮೇಲೆ ಆ ದಿನ ಒಂದು ತಾಲೀಮು. ಸ್ಕೈಹಾಕ್ ಯುದ್ಧವಿಮಾನವೊಂದನ್ನು ನಾವಿಕರು ತಳ್ಳಿಕೊಂಡು ಹಡಗಿನ ಪಕ್ಕದ ಎಲಿವೇಟರ್ ಮೇಲೆ ತಂದರು. ವಿಮಾನ ಅಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಹಾಗೇ ಉರುಳುತ್ತ ಅಂಚು ದಾಟಿ ಕಡಲಿಗೆ ಬಿತ್ತು. ಒಳಗೆ 24ರ ಹರೆಯದ ಪೈಲಟ್ ಕೂತಿದ್ದ. ವಿಮಾನದ ಹೊಟ್ಟೆಯಡಿಯಲ್ಲಿ ಬಿ43 ಎಂಬ ಜಲಜನಕ ಬಾಂಬ್ ಇತ್ತು. ಅಲ್ಲಿ ಸಮುದ್ರದ ಆಳ ಸುಮಾರು 4,900 ಮೀಟರ್. ಪೈಲಟ್, ವಿಮಾನ, ಬಾಂಬ್ ಮೂರೂ ಮತ್ತೆ ಸಿಗಲಿಲ್ಲ.

ಹಡಗು ಮುಂದೆ ಸಾಗಿ ಯೊಕೊಸುಕಾ ತಲುಪಿತು. ಎರಡು ಅಣುಬಾಂಬುಗಳ ಏಟು ತಿಂದ ದೇಶಕ್ಕೆ ಯಾರೂ ಏನೂ ಹೇಳಲಿಲ್ಲ. 1950ರಿಂದ 1980ರವರೆಗೆ ತನ್ನ ಅಣ್ವಸ್ತ್ರಗಳಿಗೆ ಆದ 32 ಅವಘಡಗಳ ಪಟ್ಟಿಯನ್ನು ಪೆಂಟಗನ್ 1981ರಲ್ಲಿ ಪ್ರಕಟಿಸಿದಾಗ ಈ ಘಟನೆಯೂ ಚುಟುಕಾಗಿ ಅದರಲ್ಲಿ ಕಾಣಿಸಿಕೊಂಡಿತು. ಜಾಗ ಯಾವುದೆಂದರೆ, ನೆಲದಿಂದ 500 ಮೈಲಿಗೂ ಆಚೆಯ ಸಮುದ್ರ ಎಂದಿತ್ತು. 1989ರಲ್ಲಿ ಸಂಶೋಧಕರು ನೌಕಾಪಡೆಯ ದಾಖಲೆಗಳನ್ನೇ ಕೆದಕಿ ನಿಜವಾದ ಜಾಗ ಹುಡುಕಿದರು. ಜಪಾನಿನ ರ್ಯೂಕ್ಯೂ ದ್ವೀಪಸಾಲಿನಿಂದ ಅದು ಬರೀ 80 ಮೈಲಿ ದೂರ. ಜನ ಬದುಕುವ ದ್ವೀಪಗಳನ್ನು ನೆಲದ ಲೆಕ್ಕಕ್ಕೆ ಹಿಡಿಯದಿದ್ದರೆ ಮಾತ್ರ 500 ಮೈಲಿ ಎಂಬ ಮಾತು ನಿಲ್ಲುತ್ತದೆ.

ಕಡಲತಳದಲ್ಲಿ ಬಿದ್ದಿರುವ ಅಣ್ವಸ್ತ್ರಗಳ ಕತೆ ಎತ್ತಿದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಅವು ಯಾವತ್ತಾದರೂ ಸಿಡಿಯುತ್ತವಾ?’ ಎಂಬುದು. ಸಿಡಿಯುವುದಿಲ್ಲ. ಇದನ್ನು ಧೈರ್ಯವಾಗಿಯೇ ಹೇಳಬಹುದು, ಕಾರಣವನ್ನು ಮುಂದೆ ನೋಡೋಣ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮುಳುಗಿದ್ದರಲ್ಲಿ ಯಾವುದನ್ನು ಹುಡುಕಿದರು, ಯಾವುದನ್ನು ಎತ್ತಿದರು, ಯಾವುದರ ಬಗ್ಗೆ ಬಾಯಿ ಮುಚ್ಚಿಕೊಂಡರು? ಅರವತ್ತು ವರ್ಷಗಳ ಲೆಕ್ಕ ತೆಗೆದರೆ ಒಂದು ವಿಚಿತ್ರ ಕಾಣುತ್ತದೆ. ಎತ್ತುವ ಸರದಿಯನ್ನು ಅಪಾಯ ನೋಡಿ ನಿರ್ಧರಿಸಿದ್ದೇ ಇಲ್ಲ. ಶತ್ರುವಿನ ಗುಟ್ಟು ಸಿಗುವ ಆಸೆ ಇದ್ದಲ್ಲಿ ಎಷ್ಟು ಆಳಕ್ಕೂ ಕೈ ಹಾಕಿದರು. ಮರ್ಯಾದೆ ಹೋಗುವ ಭಯ ಇದ್ದಲ್ಲಿ ಹುಡುಕಿದರು. ಎರಡೂ ಇಲ್ಲದ ಕಡೆ ಕೈತೊಳೆದುಕೊಂಡರು.

ಮೊದಲು ಲೆಕ್ಕ. ಅಣುಶಕ್ತಿಯಿಂದ ಓಡುತ್ತಿದ್ದ ಏಳು ಜಲಾಂತರ್ಗಾಮಿಗಳು ಇವತ್ತು ಕಡಲತಳದಲ್ಲಿವೆ. ಎರಡು ಅಮೆರಿಕದವು: 1963ರ ಏಪ್ರಿಲ್ 10ರಂದು ಆಳದ ಪರೀಕ್ಷೆಗೆ ಇಳಿದು 129 ಮಂದಿಯೊಂದಿಗೆ ಮುಳುಗಿದ ಥ್ರೆಷರ್, 1968ರ ಮೇ ತಿಂಗಳಲ್ಲಿ ಅಜೋರ್ಸ್ ದ್ವೀಪಗಳ ನೈಋತ್ಯಕ್ಕೆ 99 ಮಂದಿಯೊಂದಿಗೆ ಕಾಣೆಯಾದ ಸ್ಕಾರ್ಪಿಯನ್. ಉಳಿದ ಐದು ಸೋವಿಯತ್ ಒಕ್ಕೂಟ ಮತ್ತು ರಷ್ಯಾದವು: ಕೆ-8, ಕೆ-27, ಕೆ-219, ಕೊಮ್ಸೊಮೊಲೆಟ್ಸ್, ಕೆ-159. ಇವಲ್ಲದೆ ಕೆ-129 ಎಂಬ ಡೀಸೆಲ್ ಜಲಾಂತರ್ಗಾಮಿ ಇದೆ. ಅದರ ಎಂಜಿನ್ ಅಣುವಿನದ್ದಲ್ಲ, ಹೊತ್ತಿದ್ದ ಮೂರು ಕ್ಷಿಪಣಿಗಳು ಅಣುವಿನವು. ವಿಮಾನಗಳಿಂದ ಬಿದ್ದ ಬಾಂಬುಗಳು ಬೇರೆ. ಎಲ್ಲ ಸೇರಿ ಸುಮಾರು 50 ಸಿಡಿತಲೆಗಳು ಸಮುದ್ರದಲ್ಲಿವೆ ಎಂದು ಗ್ರೀನ್‌ಪೀಸ್ 1989ರಲ್ಲಿ ಅಂದಾಜು ಮಾಡಿತ್ತು.

ಇನ್ನು ಸಿಡಿಯುವ ವಿಚಾರ. ಅಣ್ವಸ್ತ್ರದ ನಡುವೆ ಪ್ಲುಟೋನಿಯಂ ಗೋಳ, ಸುತ್ತ ಸಾಮಾನ್ಯ ಸ್ಫೋಟಕದ ಹೊದಿಕೆ. ಆ ಹೊದಿಕೆ ಎಲ್ಲ ದಿಕ್ಕಿನಿಂದಲೂ ಒಂದೇ ಕ್ಷಣಕ್ಕೆ, ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಹೊಂದಿಕೊಂಡು ಸಿಡಿದರೆ ಮಾತ್ರ ಗೋಳ ಸಮನಾಗಿ ಒಳಕ್ಕೆ ಕುಗ್ಗಿ ಸರಪಳಿ ಕ್ರಿಯೆ ಹತ್ತಿಕೊಳ್ಳುತ್ತದೆ. ಅದಕ್ಕೆ ಜೀವ ಇರುವ ಬ್ಯಾಟರಿ ಬೇಕು, ಸರಿಯಾದ ವಿದ್ಯುತ್ ಸಂಕೇತ ಸರಿಯಾದ ಕ್ರಮದಲ್ಲಿ ಬರಬೇಕು. ಉಪ್ಪುನೀರು ಹೊಕ್ಕ ಮೇಲೆ ಇವು ಯಾವುವೂ ಉಳಿಯುವುದಿಲ್ಲ. ಹೊದಿಕೆ ಒಂದು ಕಡೆ ಮಾತ್ರ ಸಿಡಿದರೆ ಪ್ಲುಟೋನಿಯಂ ಚೂರುಚೂರಾಗಿ ಹರಡುತ್ತದೆ, ಅಣುಸ್ಫೋಟ ಆಗುವುದಿಲ್ಲ.

ಇದು ಪುಸ್ತಕದ ಮಾತಷ್ಟೇ ಅಲ್ಲ, ಸ್ಪೇನಿನ ಪಾಲೊಮಾರೆಸ್ ಎಂಬ ಹಳ್ಳಿಯ ಮೇಲೆ ನಡೆದುಹೋದ ಸಂಗತಿ. 1966ರ ಜನವರಿ 17ರಂದು, ಅಂದರೆ ಟಿಕಾಂಡೆರೋಗಾ ಘಟನೆಯಾಗಿ ಆರೇ ವಾರಕ್ಕೆ, ಅಮೆರಿಕದ ಬಿ-52 ಬಾಂಬರ್ ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವಾಗ ಟ್ಯಾಂಕರ್ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಏಳು ಮಂದಿ ಸತ್ತರು. ನಾಲ್ಕು ಜಲಜನಕ ಬಾಂಬುಗಳು ಕೆಳಗೆ ಬಿದ್ದವು. ನೆಲಕ್ಕೆ ಬಿದ್ದ ಮೂರರಲ್ಲಿ ಎರಡರ ಸ್ಫೋಟಕ ಹೊದಿಕೆ ಸಿಡಿಯಿತು. ಟೊಮೆಟೊ ಬೆಳೆಯುವ ಹೊಲಗಳ ಮೇಲೆ ಪ್ಲುಟೋನಿಯಂ ಪುಡಿ ಹರಡಿತು. ಅಣುಸ್ಫೋಟ ಮಾತ್ರ ಆಗಲಿಲ್ಲ. ಮಣ್ಣನ್ನು ಕೆರೆದು ಸಾವಿರಾರು ಪೀಪಾಯಿಗಳಲ್ಲಿ ತುಂಬಿ ಅಮೆರಿಕಕ್ಕೆ ಸಾಗಿಸಿದರು.

ನಾಲ್ಕನೆಯ ಬಾಂಬ್ ಮೆಡಿಟರೇನಿಯನ್ ಸಮುದ್ರಕ್ಕೆ ಬಿತ್ತು. ಎಲ್ಲಿ ಬಿತ್ತೆಂದು ಕಂಡವರು ಒಬ್ಬರಿದ್ದರು, ಫ್ರಾನ್ಸಿಸ್ಕೊ ಸಿಮೊ ಓರ್ಟ್ಸ್ ಎಂಬ ಮೀನುಗಾರ. ತನ್ನ ದೋಣಿಯಿಂದ ಸ್ವಲ್ಪ ದೂರದಲ್ಲಿ ಪ್ಯಾರಾಚೂಟ್ ಒಂದು ನೀರಿಗಿಳಿದದ್ದನ್ನು ನೋಡಿದ್ದೇನೆ ಎಂದು ಆತ ಹೇಳಿದರು. ಗಣಿತಜ್ಞರು ಸಂಭವನೀಯತೆಯ ಲೆಕ್ಕ ಹಾಕಿ ನಕ್ಷೆ ಗೀಚುತ್ತಿದ್ದರು, ಹಡಗುಗಳ ದಂಡೇ ಬಂದಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಕಡಲನ್ನು ಬಲ್ಲ ಆ ಮನುಷ್ಯನ ಕಣ್ಣು. ಇದರ ನಡುವೆ ಮಾರ್ಚ್ 8ರಂದು ಸ್ಪೇನಿನ ಪ್ರವಾಸೋದ್ಯಮ ಸಚಿವ ಮಾನ್ಯುಯೆಲ್ ಫ್ರಾಗಾ ಮತ್ತು ಅಮೆರಿಕದ ರಾಯಭಾರಿ ಬಿಡ್ಲ್ ಡ್ಯೂಕ್ ಕ್ಯಾಮೆರಾಗಳ ಮುಂದೆ ಈಜಾಡಿ, ನೀರು ಸುರಕ್ಷಿತ ಎಂದು ಜಗತ್ತಿಗೆ ತೋರಿಸಿದರು. ಬಾಂಬ್ ಆಗಿನ್ನೂ ನೀರೊಳಗೇ ಇತ್ತು! ಒಂದು ವಾರದ ಮೇಲೆ ಆಲ್ವಿನ್ ಎಂಬ ಪುಟ್ಟ ಜಲಾಂತರ್ಗಾಮಿ ಅದನ್ನು ಪತ್ತೆ ಹಚ್ಚಿತು. ಏಪ್ರಿಲ್ 7ರಂದು ಸುಮಾರು 870 ಮೀಟರ್ ಆಳದಿಂದ ಮೇಲಕ್ಕೆತ್ತಿ ಪತ್ರಕರ್ತರನ್ನು ಕರೆದು ತೋರಿಸಿದರು. ಸಿಮೊ ಓರ್ಟ್ಸ್ ಅವರು ಹುಡುಕಿಕೊಟ್ಟ ಸಂಭಾವನೆಗೆ ಮೊಕದ್ದಮೆ ಹೂಡಿ, ನ್ಯಾಯಾಲಯದ ಹೊರಗೆ ರಾಜಿಯಾಗಿ ಹಣ ಪಡೆದರು. ಒಳ್ಳೆಯ ಕೆಲಸ ಮಾಡಿದರು ಎನ್ನುತ್ತೇನೆ.

ಆರು ವಾರಗಳ ಅಂತರದಲ್ಲಿ ಅಮೆರಿಕ ಎರಡು ಕಡಲುಗಳಲ್ಲಿ ಎರಡು ಜಲಜನಕ ಬಾಂಬ್ ಕಳೆದುಕೊಂಡಿತ್ತು. ಇಡೀ ಊರು ಕಂಡದ್ದನ್ನು ಎಂಬತ್ತು ದಿನ ಹುಡುಕಿ ತೆಗೆದರು, ಯಾರೂ ಕಾಣದ್ದನ್ನು ಬಿಟ್ಟರು. 870 ಮೀಟರಿಗೂ 4,900 ಮೀಟರಿಗೂ ಅಜಗಜಾಂತರ, ಅಷ್ಟು ಆಳದಿಂದ ತೆಗೆಯುವುದು ಆಗದ ಮಾತು ಎಂದು ನೀವು ಹೇಳಬಹುದು. ನಾನೂ ಒಪ್ಪುತ್ತಿದ್ದೆ, ಕೆ-129ರ ಕತೆ ಇಲ್ಲದಿದ್ದರೆ.

1968ರ ಮಾರ್ಚ್‌ನಲ್ಲಿ ಸೋವಿಯತ್ ಜಲಾಂತರ್ಗಾಮಿ ಕೆ-129 ಹವಾಯಿಯ ವಾಯವ್ಯಕ್ಕೆ 98 ಮಂದಿಯೊಂದಿಗೆ ಮುಳುಗಿತು. ಸೋವಿಯತ್ ನೌಕಾಪಡೆ ಹುಡುಕಿ ಹುಡುಕಿ ಸೋತು ಹಿಂದಿರುಗಿತು. ಕಡಲೊಳಗೆ ಕಿವಿಯಿಟ್ಟು ಕೂತಿದ್ದ ಅಮೆರಿಕದ ಧ್ವನಿಗ್ರಾಹಕಗಳಿಗೆ ಆ ಸದ್ದು ಸಿಕ್ಕಿತ್ತು. ಹ್ಯಾಲಿಬಟ್ ಎಂಬ ಗೂಢಚಾರ ಜಲಾಂತರ್ಗಾಮಿ ಹೋಗಿ ಸಾವಿರಾರು ಫೋಟೊ ತೆಗೆದುಕೊಂಡು ಬಂತು. ಅಲ್ಲಿ ಆಳ ಸುಮಾರು ಐದು ಕಿಲೋಮೀಟರ್. ಅಂದರೆ ಟಿಕಾಂಡೆರೋಗಾದ ಬಾಂಬ್ ಬಿದ್ದಷ್ಟೇ ಆಳ. ಆದರೂ ಸಿಐಎ ಎದೆಗುಂದಲಿಲ್ಲ. ಕೋಟ್ಯಧಿಪತಿ ಹೊವಾರ್ಡ್ ಹ್ಯೂಸ್ ಹೆಸರಿನಲ್ಲಿ ಗ್ಲೋಮರ್ ಎಕ್ಸ್‌ಪ್ಲೋರರ್ ಎಂಬ 188 ಮೀಟರ್ ಉದ್ದದ ಹಡಗು ಕಟ್ಟಿಸಿತು. ಕಡಲತಳದಲ್ಲಿ ಹರಡಿಕೊಂಡಿರುವ ಮ್ಯಾಂಗನೀಸ್ ಗಂಟುಗಳನ್ನು ಹೆಕ್ಕಲು ಹೊರಟಿದ್ದೇವೆ ಎಂದು ಪ್ರಪಂಚಕ್ಕೆ ಹೇಳಿತು. ಈ ಸುಳ್ಳು ಎಷ್ಟು ಚೆನ್ನಾಗಿತ್ತೆಂದರೆ ಕಡಲಗಣಿಗಾರಿಕೆಯ ಹುಮ್ಮಸ್ಸಿಗೆ ಅದೂ ಒಂದಿಷ್ಟು ಗಾಳಿ ಹಾಕಿತು.

1974ರ ಬೇಸಿಗೆಯಲ್ಲಿ ಹಡಗಿನ ಹೊಟ್ಟೆ ಕೆಳಗಡೆ ತೆರೆದುಕೊಂಡಿತು. ಉಕ್ಕಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸುತ್ತ ದೈತ್ಯ ಪಂಜವೊಂದನ್ನು ಐದು ಕಿಲೋಮೀಟರ್ ಕೆಳಕ್ಕೆ ಇಳಿಸಿ ಕೆ-129ನ್ನು ಹಿಡಿದರು. ಮೇಲಕ್ಕೆ ಎಳೆಯುವಾಗ ದಾರಿಯಲ್ಲಿ ಬಹುಪಾಲು ಮುರಿದು ಮತ್ತೆ ತಳಕ್ಕೆ ಹೋಯಿತು. ಮುಂಭಾಗದ ತುಂಡು ಮಾತ್ರ ಕೈಗೆ ಬಂತು, ಅದರಲ್ಲಿ ಆರು ನಾವಿಕರ ಶವಗಳಿದ್ದವು. ಅವರನ್ನು ಸೇನಾ ಗೌರವದೊಂದಿಗೆ ಕಡಲಿಗೇ ಒಪ್ಪಿಸಿ, ಅದನ್ನು ಚಿತ್ರೀಕರಿಸಿದರು. 1992ರಲ್ಲಿ ಸಿಐಎ ಮುಖ್ಯಸ್ಥ ರಾಬರ್ಟ್ ಗೇಟ್ಸ್ ಆ ಚಿತ್ರವನ್ನು ಬೋರಿಸ್ ಯೆಲ್ಟ್‌ಸಿನ್ ಕೈಗೆ ಕೊಟ್ಟರು. ಯೋಜನೆಯ ಖರ್ಚು ಆ ಕಾಲದ 35 ಕೋಟಿ ಡಾಲರ್‌ಗೂ ಮೇಲೆ ಎಂಬ ಅಂದಾಜಿದೆ. 1975ರಲ್ಲಿ ಸುದ್ದಿ ಹೊರಬಿದ್ದು ಪತ್ರಕರ್ತರು ದಾಖಲೆ ಕೇಳಿದಾಗ ಸಿಐಎ ಕೊಟ್ಟ ಉತ್ತರ, ಅಂಥ ದಾಖಲೆ ಇದೆ ಎಂದೂ ಹೇಳಲಾರೆವು, ಇಲ್ಲ ಎಂದೂ ಹೇಳಲಾರೆವು ಎಂಬುದು. ಅಮೆರಿಕದ ಮಾಹಿತಿ ಹಕ್ಕಿನ ಕಾನೂನಿನಲ್ಲಿ ಈ ಜಾಣ ಉತ್ತರಕ್ಕೆ ಇಂದಿಗೂ ‘ಗ್ಲೋಮರ್ ಉತ್ತರ’ ಎಂದೇ ಹೆಸರು.

ಶತ್ರುವಿನ ಕ್ಷಿಪಣಿಗೆ ಐದು ಕಿಲೋಮೀಟರ್ ಇಳಿಯಲು ದಾರಿ ಇತ್ತು. ತಮ್ಮದೇ ಬಾಂಬಿಗೆ ಇರಲಿಲ್ಲ. ಅದರ ಗುಟ್ಟು ಅವರಿಗೆ ಗೊತ್ತೇ ಇತ್ತಲ್ಲ!

ಟೈಟಾನಿಕ್ ಸಿಕ್ಕ ಕತೆಯೂ ಇದೇ ಸಾಲಿನದು. 1985ರ ಸೆಪ್ಟೆಂಬರ್ 1ರಂದು ರಾಬರ್ಟ್ ಬ್ಯಾಲರ್ಡ್ ಅವರ ತಂಡ ಅದನ್ನು ಪತ್ತೆ ಮಾಡಿದಾಗ ಜಗತ್ತೇ ಕುಣಿಯಿತು. ಆ ಯಾತ್ರೆಯ ಅಸಲಿ ಉದ್ದೇಶ ಥ್ರೆಷರ್ ಮತ್ತು ಸ್ಕಾರ್ಪಿಯನ್ ಅವಶೇಷಗಳನ್ನು ನೌಕಾಪಡೆಗಾಗಿ ಸಮೀಕ್ಷೆ ಮಾಡುವುದಾಗಿತ್ತೆಂದು ಹೊರಬರಲು ಎರಡು ದಶಕಗಳೇ ಬೇಕಾದವು. ಆ ಕೆಲಸ ಮುಗಿದು ಉಳಿದ ಹನ್ನೆರಡು ದಿನಗಳಲ್ಲಿ ಟೈಟಾನಿಕ್ ಹುಡುಕಿಕೋ ಎಂದು ಅವರಿಗೆ ಅನುಮತಿ ಸಿಕ್ಕಿತ್ತು. ಮುಳುಗಿದ ಹಡಗು ತನ್ನ ಚೂರುಗಳನ್ನು ಉದ್ದಕ್ಕೆ ಚೆಲ್ಲಿಕೊಂಡು ಹೋಗಿರುತ್ತದೆ, ಆ ಜಾಡು ಹಿಡಿದರೆ ಹಡಗು ಸಿಗುತ್ತದೆ ಎಂಬ ಪಾಠ ಅವರಿಗೆ ಆ ಜಲಾಂತರ್ಗಾಮಿಗಳಿಂದಲೇ ಸಿಕ್ಕಿದ್ದು. ಸ್ಕಾರ್ಪಿಯನ್‌ನಲ್ಲಿ ಅಣುಸಿಡಿತಲೆಯ ಎರಡು ಟಾರ್ಪೆಡೊಗಳಿದ್ದವು. ಅಲ್ಲಿನ ನೀರು, ಹೂಳು, ಜೀವಿಗಳ ಮಾದರಿಗಳನ್ನು ಅಮೆರಿಕದ ನೌಕಾಪಡೆ ಕೆಲವು ಸಲ ಪರೀಕ್ಷಿಸಿದೆ. ಪ್ಲುಟೋನಿಯಂ ಸೋರಿದ ಗುರುತಿಲ್ಲ ಎಂಬುದು ಅದರ ವರದಿ. ನಂಬಬಹುದಾದ ಮಾತೇ, ಆದರೆ ಕಳೆದುಕೊಂಡವರೇ ಪರೀಕ್ಷಕರೂ ಆಗಿರುವುದು ನೆನಪಿರಲಿ.

ಹಾಗಾದರೆ ಕೆಳಗೆ ನಿಜಕ್ಕೂ ಏನಾಗುತ್ತಿದೆ? ಇದಕ್ಕೆ ಒಳ್ಳೆಯ ಉತ್ತರ ಸಿಗುವುದು ನಾರ್ವೆ ಸಮುದ್ರದಲ್ಲಿ, ಕೊಮ್ಸೊಮೊಲೆಟ್ಸ್ ಬಳಿ. ಟೈಟಾನಿಯಂ ಮೈಯ ಈ ಸೋವಿಯತ್ ಜಲಾಂತರ್ಗಾಮಿ 1984ರಲ್ಲಿ 1,020 ಮೀಟರ್ ಆಳಕ್ಕಿಳಿದು ದಾಖಲೆ ಮಾಡಿತ್ತು. 1989ರ ಏಪ್ರಿಲ್ 7ರಂದು ಹಿಂಬದಿಯ ಕೋಣೆಯಲ್ಲಿ ಬೆಂಕಿ ಹತ್ತಿತು. ಹೇಗೋ ಮೇಲಕ್ಕೆ ಬಂತು. ಕೆಲವು ಗಂಟೆ ತೇಲಿ ಮತ್ತೆ ಮುಳುಗಿತು. 69 ಮಂದಿಯಲ್ಲಿ 42 ಮಂದಿ ಸತ್ತರು. ಬೆಂಕಿಗೆ ಬಲಿಯಾದವರಿಗಿಂತ ಹಿಮದಂಥ ನೀರಿನಲ್ಲಿ ಮರಗಟ್ಟಿ ಸತ್ತವರೇ ಹೆಚ್ಚು. ಈಗ ಅದು ಬೇರ್ ಐಲ್ಯಾಂಡ್ ದ್ವೀಪದ ನೈಋತ್ಯಕ್ಕೆ ಸುಮಾರು 1,680 ಮೀಟರ್ ಆಳದಲ್ಲಿದೆ. ಒಳಗೆ ಒಂದು ರಿಯಾಕ್ಟರ್, ಎರಡು ಅಣುಟಾರ್ಪೆಡೊಗಳು. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ, ಆದರೆ ಉಪ್ಪುನೀರಿನಲ್ಲಿ ಅದರ ಪಕ್ಕದಲ್ಲಿರುವ ಬೇರೆ ಲೋಹಗಳನ್ನು ಬೇಗ ಸವೆಸುತ್ತದೆ. ಹೀಗಾಗಿ 1990ರ ದಶಕದಲ್ಲಿ ರಷ್ಯನ್ನರು ‘ಮೀರ್’ ಜಲಾಂತರ್ಗಾಮಿಗಳಲ್ಲಿ ಇಳಿದು ಟಾರ್ಪೆಡೊ ಕೊಳವೆಗಳ ಬಾಯಿ ಮುಚ್ಚಿಬಂದರು.

2019ರ ಜುಲೈಯಲ್ಲಿ ನಾರ್ವೆಯ ವಿಜ್ಞಾನಿಗಳು ಅಲ್ಲಿಗೆ ರೋಬೊ ಇಳಿಸಿದರು. ಗಾಳಿ ಕೊಳವೆಯೊಂದರ ಬಾಯಿಂದ ಮೋಡದಂಥದ್ದೇನೋ ಆಗಾಗ ಹೊರಬರುವುದು ಕಂಡಿತು. ಅಲ್ಲೇ ತೆಗೆದ ಒಂದು ಮಾದರಿಯಲ್ಲಿ ಸೀಸಿಯಂ-137ರ ಪ್ರಮಾಣ ಲೀಟರಿಗೆ 800 ಬೆಕೆರೆಲ್. ನಾರ್ವೆ ಸಮುದ್ರದ ಸಾಮಾನ್ಯ ಪ್ರಮಾಣ 0.001 ಬೆಕೆರೆಲ್. ಭಾಗಿಸಿದರೆ ಎಂಟು ಲಕ್ಷ ಪಟ್ಟು! ಪತ್ರಿಕೆಗಳಿಗೆ ಬೇಕಾದ ಶೀರ್ಷಿಕೆ ಸಿಕ್ಕಿಬಿಟ್ಟಿತು. ಶೀರ್ಷಿಕೆಯ ಕೆಳಗೆ ಬರಬೇಕಿದ್ದ ಸಾಲುಗಳು ಹೀಗಿವೆ. ಒಂದು ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು. ನಾರ್ವೆಯಲ್ಲಿ ಆಹಾರಕ್ಕೆ ಕಾನೂನು ಹಾಕಿರುವ ಮಿತಿ ಕಿಲೋಗೆ 600 ಬೆಕೆರೆಲ್. ಅಂದರೆ ಕೊಳವೆಯ ಬಾಯಲ್ಲೇ ಹಿಡಿದ ನೀರು ಆ ಮಿತಿಗಿಂತ ತುಸು ಮೇಲೆ, ಅಷ್ಟೇ. ಕೊಳವೆಯಿಂದ ಕೆಲವು ಮೀಟರ್ ಸರಿದರೆ ಅಳತೆಗೂ ಸಿಗುವುದಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಆ ಅಗಾಧ ನೀರಿನಲ್ಲಿ ಎಲ್ಲ ಕರಗಿಹೋಗುತ್ತದೆ. ಅಷ್ಟು ಆಳದಲ್ಲಿ ನಾವು ತಿನ್ನುವ ಮೀನು ಕಡಿಮೆ.

ಪ್ಲುಟೋನಿಯಂ ಸ್ವಭಾವ ಬೇರೆ. ಅದು ನೀರಿನಲ್ಲಿ ಸುಲಭಕ್ಕೆ ಕರಗದೆ ಹೂಳಿಗೆ ಅಂಟಿಕೊಂಡು ಕೂರುತ್ತದೆ. ಸೀಸಿಯಂ 30 ವರ್ಷಕ್ಕೆ ಅರ್ಧವಾದರೆ ಪ್ಲುಟೋನಿಯಂ-239 ಅರ್ಧವಾಗಲು 24,100 ವರ್ಷ ಬೇಕು. ಜಲಾಂತರ್ಗಾಮಿಯ ಉಕ್ಕು ಅದಕ್ಕೆ ಬಹಳ ಮೊದಲೇ ಪುಡಿಯಾಗಿರುತ್ತದೆ. ಆದರೂ ಸಾವಿರಾರು ಮೀಟರ್ ಕೆಳಗಿನ ಹೂಳಿನಲ್ಲಿ ಹೂತಿರುವ ಪ್ಲುಟೋನಿಯಂ ನಮ್ಮ ತಟ್ಟೆಗೆ ಬರುವ ದಾರಿ ಬಹಳ ಉದ್ದದ್ದು. ಆಳದಲ್ಲಿರುವವುಗಳ ವಿಚಾರದಲ್ಲಿ ಗಾಬರಿ ಬೇಡ ಎನ್ನುವ ವಿಜ್ಞಾನಿಗಳ ಮಾತನ್ನು ನಾನು ಒಪ್ಪುತ್ತೇನೆ.

ಬಿಸ್ಕೆ ಕೊಲ್ಲಿಯ ಹೊರಗೆ 1970ರ ಏಪ್ರಿಲ್ 12ರಂದು ಮುಳುಗಿದ ಕೆ-8 ನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು ಆಳದಲ್ಲಿದೆ. ಕೆ-219 ಇನ್ನೂ ಕೆಳಗೆ, ಬರ್ಮುಡಾದ ಈಶಾನ್ಯಕ್ಕೆ ಸುಮಾರು ಐದೂವರೆ ಕಿಲೋಮೀಟರ್ ಆಳದಲ್ಲಿ. 1986ರ ಅಕ್ಟೋಬರ್ 3ರಂದು ಅದರ ಕ್ಷಿಪಣಿ ಕೊಳವೆಯೊಂದಕ್ಕೆ ಕಡಲ ನೀರು ನುಗ್ಗಿ, ಇಂಧನದ ಜತೆ ಸೇರಿ ಸ್ಫೋಟವಾಯಿತು. ರಿಯಾಕ್ಟರ್ ತಾನಾಗಿ ನಿಲ್ಲಲಿಲ್ಲ. ಸೆರ್ಗೆಯ್ ಪ್ರೆಮಿನಿನ್ ಎಂಬ ಇಪ್ಪತ್ತರ ನಾವಿಕ ಕುದಿಯುವ ಕೋಣೆಯೊಳಗೆ ಹೋಗಿ ನಿಯಂತ್ರಣ ಸರಳುಗಳನ್ನು ಕೈಯಿಂದಲೇ ತಿರುಗಿಸಿ ಇಳಿಸಿದ. ಒತ್ತಡದಿಂದ ಬಾಗಿಲು ಬಿಗಿದುಕೊಂಡಿತು, ಆತ ಹೊರಬರಲಿಲ್ಲ. ಸತ್ತ ಹನ್ನೊಂದು ವರ್ಷಕ್ಕೆ, 1997ರಲ್ಲಿ, ರಷ್ಯಾ ಅವನಿಗೆ ‘ರಷ್ಯಾದ ವೀರ’ ಬಿರುದು ಕೊಟ್ಟಿತು. ಕೆ-219ರ ಅವಘಡದ ಹೊತ್ತಿಗೆ ಚೆರ್ನೊಬಿಲ್ ದುರಂತ ಆಗಿ ಐದು ತಿಂಗಳು ಕಳೆದಿತ್ತಷ್ಟೇ, ರೇಗನ್ ಮತ್ತು ಗೊರ್ಬಚೆವ್ ರೆಕ್ಯಾವಿಕ್‌ನಲ್ಲಿ ಭೇಟಿಯಾಗಲು ಒಂದು ವಾರ ಬಾಕಿ. ಮಾಸ್ಕೋ ಈ ಸಲ ಮರುದಿನವೇ ಸುದ್ದಿ ಹೇಳಿತು. ಹೇಳಬೇಕೆಂದಿದ್ದರೆ ಹೇಳಬಹುದು ಎಂಬುದಕ್ಕೆ ಇದೇ ಸಾಕ್ಷಿ.

ನನಗೆ ಚಿಂತೆ ಇರುವುದು ಆಳವಿಲ್ಲದ ನೀರಿನಲ್ಲಿರುವವುಗಳ ಬಗ್ಗೆ. ಕೆ-27 ಮುಳುಗಿದ್ದಲ್ಲ, ಮುಳುಗಿಸಿದ್ದು. ನೀರಿನ ಬದಲು ಕರಗಿದ ಸೀಸ-ಬಿಸ್ಮತ್ ಮಿಶ್ರಣದಿಂದ ರಿಯಾಕ್ಟರ್ ತಂಪು ಮಾಡುವ ಹೊಸ ಪ್ರಯೋಗ ಅದರದ್ದು. 1968ರ ಮೇ 24ರಂದು ಇಂಧನ ಹಾಳಾಗಿ ಒಳಗೆ ವಿಕಿರಣ ಹರಡಿತು, ಒಂಬತ್ತು ನಾವಿಕರು ಸತ್ತರು. ರಿಪೇರಿ ಆಗಲಿಲ್ಲ. ವರ್ಷಗಟ್ಟಲೆ ದಡದಲ್ಲಿ ಕಟ್ಟಿಹಾಕಿ, ಡಾಂಬರು ತುಂಬಿಸಿ, 1982ರಲ್ಲಿ ನೊವಾಯಾ ಜೆಮ್ಲ್ಯಾ ದ್ವೀಪದ ಸ್ಟೆಪೊವೊಯ್ ಕೊಲ್ಲಿಯಲ್ಲಿ ಮುಳುಗಿಸಿದರು. ಆಳ 33 ಮೀಟರ್. ಅಂಥ ವಸ್ತುಗಳನ್ನು ಮುಳುಗಿಸುವುದಾದರೆ ಸಾವಿರಾರು ಮೀಟರ್ ಆಳ ಬೇಕು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಆಗಲೇ ಇತ್ತು. ಕೆ-27ರ ಯುರೇನಿಯಂ ಹೆಚ್ಚು ಸಂವರ್ಧಿತವಾದದ್ದು. ನೀರು ಒಳಹೊಕ್ಕರೆ ಸರಪಳಿ ಕ್ರಿಯೆ ಮತ್ತೆ ಶುರುವಾಗುವ ಸಾಧ್ಯತೆಯನ್ನು ತಜ್ಞರು ಪೂರ್ತಿ ತಳ್ಳಿಹಾಕಿಲ್ಲ. ಅಣುಬಾಂಬಿನಂತೆ ಸಿಡಿಯುವುದಿಲ್ಲ, ಆದರೆ ಕಾದು, ಆವಿಯೆದ್ದು, ಒಳಗಿನದ್ದನ್ನು ಹೊರಗೆ ಚೆಲ್ಲಬಹುದು.

ಕೆ-159ರ ಕತೆಯನ್ನಂತೂ ಓದುವಾಗ ಸಿಟ್ಟು ಬರುತ್ತದೆ. 1989ರಲ್ಲೇ ಸೇವೆಯಿಂದ ಬಿಡಿಸಿದ ಈ ಜಲಾಂತರ್ಗಾಮಿ 14 ವರ್ಷ ಗ್ರೆಮಿಖಾ ನೆಲೆಯಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು. 2003ರ ಆಗಸ್ಟ್‌ನಲ್ಲಿ ಗುಜರಿಗೆ ಒಯ್ಯಲು ತೇಲುಡ್ರಮ್ಮುಗಳನ್ನು ಬೆಸುಗೆ ಹಾಕಿ, ಒಳಗೆ ಹತ್ತು ಮಂದಿಯನ್ನು ಕೂರಿಸಿ ಎಳೆದುಕೊಂಡು ಹೊರಟರು. ಬಿರುಗಾಳಿಗೆ ಡ್ರಮ್ಮು ಕಿತ್ತುಬಂತು. ಆಗಸ್ಟ್ 30ರ ನಸುಕಿನಲ್ಲಿ ಬ್ಯಾರೆಂಟ್ಸ್ ಸಮುದ್ರದಲ್ಲಿ ಕಿಲ್ಡಿನ್ ದ್ವೀಪದ ಹತ್ತಿರ ಮುಳುಗಿತು. ಒಬ್ಬ ಬದುಕಿದ, ಒಂಬತ್ತು ಮಂದಿ ಸತ್ತರು. ಉತ್ತರ ನೌಕಾಪಡೆಯ ದಂಡನಾಯಕ ಗೆನ್ನಡಿ ಸುಚ್ಕೊವ್‌ಗೆ ಶಿಕ್ಷೆಯಾಯಿತು, ಅದೂ ಅಮಾನತಿನಲ್ಲಿಟ್ಟ ಶಿಕ್ಷೆ. ರಿಯಾಕ್ಟರುಗಳಲ್ಲಿ ಸುಮಾರು 800 ಕಿಲೋ ಬಳಸಿದ ಇಂಧನ ಹಾಗೇ ಇದೆ. ಆಳ 246 ಮೀಟರ್. ಸುತ್ತಮುತ್ತ ಕಾಡ್ ಮತ್ತು ಹ್ಯಾಡಕ್ ಮೀನುಗಳ ಸಮೃದ್ಧ ನೀರು. ಇಂಧನ ಸೋರಿದರೂ ಮೀನಿನಲ್ಲಿನ ಸೀಸಿಯಂ ಕಾನೂನಿನ ಮಿತಿಯನ್ನು ದಾಟದೇ ಇರಬಹುದು. ಆದರೆ ಮೀನು ಕೊಳ್ಳುವವರು ಬೆಕೆರೆಲ್ ಲೆಕ್ಕ ಹಾಕುತ್ತ ನಿಲ್ಲುವುದಿಲ್ಲ, ಬೇರೆ ಮೀನಿನ ಕಡೆ ನಡೆಯುತ್ತಾರೆ.

ಕಾನೂನು ಏನು ಹೇಳುತ್ತದೆ ಎಂದು ನೋಡಿದರೆ ಇನ್ನೊಂದು ತಮಾಷೆ. ಕಡಲತಳದಲ್ಲಿ ಅಣ್ವಸ್ತ್ರ ನೆಡಬಾರದು ಎಂಬ ಒಪ್ಪಂದಕ್ಕೆ 1971ರ ಫೆಬ್ರುವರಿಯಲ್ಲಿ ಸಹಿ ಬಿತ್ತು. ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಒಪ್ಪಿದವು, ಭಾರತವೂ ಸೇರಿತು. ಸಹಿ ಹಾಕುವ ಹೊತ್ತಿಗೆ ಆ ಎರಡೂ ದೇಶಗಳ ಸಿಡಿತಲೆಗಳು ಕಡಲತಳದಲ್ಲೇ ಇದ್ದವು. ನೆಟ್ಟದ್ದಕ್ಕೆ ನಿಷೇಧ, ಬಿದ್ದದ್ದಕ್ಕೆ ಯಾವ ಮಾತೂ ಇಲ್ಲ. ಮತ್ತೊಂದು ಕಡೆ, ಮುಳುಗಿದ ಯುದ್ಧನೌಕೆ ಎಷ್ಟು ವರ್ಷವಾದರೂ ಅದರ ಬಾವುಟದ ದೇಶದ್ದೇ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ನಿಯಮ. ಅಮೆರಿಕ ಕೆ-129ರ ವಿಚಾರದಲ್ಲಿ ಅದನ್ನು ಗಾಳಿಗೆ ತೂರಿತು, ಅದು ಬೇರೆ. ಒಡೆತನ ಗಟ್ಟಿಯಾಗಿದೆ, ಕಾಯುವ, ಪರೀಕ್ಷಿಸುವ, ನೆರೆಯವರಿಗೆ ತಿಳಿಸುವ ಹೊಣೆ ಯಾವ ಹಾಳೆಯಲ್ಲೂ ಅಷ್ಟು ಗಟ್ಟಿಯಾಗಿ ಬರೆದಿಲ್ಲ.

ಇದು ದೂರದ ಕಡಲುಗಳ ಕತೆ, ನಮಗೇನು ಎನ್ನುವಂತಿಲ್ಲ. ಭಾರತದ ನೌಕಾಪಡೆ ಮೊದಲು ಓಡಿಸಿದ ಅಣುಜಲಾಂತರ್ಗಾಮಿ ಐಎನ್ಎಸ್ ಚಕ್ರ 1988ರಲ್ಲಿ ಸೋವಿಯತ್ ಒಕ್ಕೂಟದಿಂದ ಗುತ್ತಿಗೆಗೆ ತಂದದ್ದು. ಅದರ ಮೊದಲ ಹೆಸರು ಕೆ-43. ಅದೇ ಮಾದರಿಯ ಕೆ-429 ಎಂಬ ಜಲಾಂತರ್ಗಾಮಿ 1983ರಲ್ಲಿ ಕಮ್ಚಾಟ್ಕಾ ಬಳಿ ಮುಳುಗಿ 16 ಮಂದಿ ಸತ್ತಿದ್ದರು. ಅದನ್ನು ಎತ್ತಿದರು, 1985ರಲ್ಲಿ ಅದು ಮತ್ತೊಮ್ಮೆ ಮುಳುಗಿತು! ಈಗ ನಮ್ಮದೇ ಅರಿಹಂತ್, ಅರಿಘಾತ್ ಇವೆ. ಗುಟ್ಟಿನ ಅಭ್ಯಾಸ ನಮಗೂ ಹೊಸದಲ್ಲ. ಚೀನಾದ ಅಣುಪರೀಕ್ಷೆಗಳ ಮೇಲೆ ಕಣ್ಣಿಡಲು ಸಿಐಎ ಮತ್ತು ನಮ್ಮ ಗುಪ್ತಚರರು ಸೇರಿ 1965ರಲ್ಲಿ ನಂದಾದೇವಿ ಶಿಖರಕ್ಕೆ ಹೊತ್ತೊಯ್ದ ಪ್ಲುಟೋನಿಯಂ ವಿದ್ಯುತ್ ಯಂತ್ರ ಹಿಮದಲ್ಲಿ ಕಳೆದುಹೋಯಿತು. ಗಂಗೆಗೆ ನೀರು ಹರಿದುಬರುವ ಜಾಗ ಅದು. ದೇಶಕ್ಕೆ ವಿಷಯ ಗೊತ್ತಾದದ್ದು 1978ರಲ್ಲಿ, ಅಮೆರಿಕದ ನಿಯತಕಾಲಿಕವೊಂದು ಬರೆದ ಮೇಲೆ. ಆಮೇಲೆ ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ಒಪ್ಪಿಕೊಂಡರು.

ಎತ್ತಲೇಬೇಕೆಂಬ ಮನಸ್ಸಿದ್ದರೆ ಎತ್ತಬಹುದು ಎಂಬುದನ್ನು ಕುರ್ಸ್ಕ್ ತೋರಿಸಿಕೊಟ್ಟಿದೆ. 2000ದ ಆಗಸ್ಟ್ 12ರಂದು ಟಾರ್ಪೆಡೊ ಸ್ಫೋಟಿಸಿ 118 ಮಂದಿ ಸತ್ತ ಈ ಜಲಾಂತರ್ಗಾಮಿ 108 ಮೀಟರ್ ಆಳದಲ್ಲಿತ್ತು. ಸತ್ತವರ ಮನೆಯವರ ಆಕ್ರೋಶವನ್ನು ಇಡೀ ರಷ್ಯಾ ಟೀವಿಯಲ್ಲಿ ನೋಡಿತ್ತು. ಸರ್ಕಾರ ಮಾತು ಕೊಡಬೇಕಾಯಿತು. ಒಡೆದ ಮುಂಭಾಗವನ್ನು ನೀರೊಳಗೇ ಗರಗಸದಿಂದ ಕತ್ತರಿಸಿ, 2001ರ ಅಕ್ಟೋಬರ್‌ನಲ್ಲಿ ಡಚ್ ಕಂಪನಿಗಳು ಉಳಿದದ್ದನ್ನು ರಿಯಾಕ್ಟರ್ ಸಮೇತ ಎತ್ತಿದವು. ಕೆ-159ರಲ್ಲಿ ಸತ್ತವರು ಒಂಬತ್ತೇ ಮಂದಿ, ಟೀವಿಗೆ ಅಷ್ಟು ಸಾಲಲಿಲ್ಲ.

2020ರಲ್ಲಿ ರಷ್ಯಾ ಕೆ-159, ಕೆ-27 ಮತ್ತು ಉತ್ತರ ಧ್ರುವದ ಕಡಲುಗಳಲ್ಲಿ ಎಸೆದ ಇನ್ನಷ್ಟು ಅಪಾಯಕಾರಿ ವಸ್ತುಗಳನ್ನು ಹತ್ತು ವರ್ಷಗಳಲ್ಲಿ ತೆಗೆಯುವ ಯೋಜನೆ ಮುಂದಿಟ್ಟಿತು. ಯುರೋಪಿನ ನೆರವಿನಿಂದ ಅದರ ಸಾಧ್ಯತೆಯ ಅಧ್ಯಯನ ನಡೆದಿತ್ತು, ವೆಚ್ಚ ಸುಮಾರು 30 ಕೋಟಿ ಯೂರೋ ಎಂದು ಲೆಕ್ಕ ಬಂದಿತ್ತು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋದ ಮೇಲೆ ಆ ಸಹಕಾರ ನಿಂತುಹೋಯಿತು. ಆಳದಲ್ಲಿರುವ ಸ್ಕಾರ್ಪಿಯನ್, ಕೆ-8, ಕೆ-219ಗಳನ್ನು ಮುಟ್ಟದೆ ಬಿಡುವುದೇ ಕ್ಷೇಮ. ಆಗಾಗ ನೀರು ಪರೀಕ್ಷಿಸಿ ಫಲಿತಾಂಶವನ್ನು ಎಲ್ಲರಿಗೂ ಹೇಳಿದರೆ ಸಾಕು. ಕೊಮ್ಸೊಮೊಲೆಟ್ಸ್ ಬಳಿ ನಾರ್ವೆ ಮಾಡುತ್ತಿರುವುದು ಅದನ್ನೇ. ಎತ್ತುವ ಸರದಿಯಲ್ಲಿ ಮೊದಲು ಬರಬೇಕಾದದ್ದು ಕೆ-159, ಅದರ ಹಿಂದೆಯೇ ಕೆ-27. ಗುಟ್ಟಿಗಾಗಿ ಐದು ಕಿಲೋಮೀಟರ್ ಆಳಕ್ಕೆ 1974ರಲ್ಲೇ ಪಂಜ ಇಳಿದಿತ್ತು. 246 ಮೀಟರಿಗೆ ತಂತ್ರಜ್ಞಾನ ಇಲ್ಲ ಎಂದು ಯಾರೂ ಹೇಳುವಂತಿಲ್ಲ.